ಎರಡು ಕೊಕ್ಕರೆಗಳ ಹಲಗೆ

ಜಪಾನಿನ ರೇವಾ ಶಕೆಯ ಆರನೇ ವರ್ಷ, ಅಂದರೆ 2024, ನವೆಂಬರ್ 12, ಮಂಗಳವಾರ, ಬೆಳಿಗ್ಗೆ 8.40. ಹಿನೊಸಾವ ಠಾಣೆಗೆ ದೂರು ತಂದವನು ಹಳೆ ಕಟ್ಟಡಗಳ ಉಸ್ತುವಾರಿ ನೋಡುವ ಸರ್ಕಾರಿ ಗುಮಾಸ್ತ ಕುಸಾಕ. ಪ್ರವಾಸಿಗರು ನೋಡಲು ಬರುವ ಸಂರಕ್ಷಿತ ಬೀದಿಯಲ್ಲಿ, ಸಾಕೆ ಎಂಬ ಅಕ್ಕಿ ಮದ್ಯದ ಹಳೆ ವ್ಯಾಪಾರಿಯ ಮನೆಯಲ್ಲಿ ನಡುಬಾಗಿಲ ಮೇಲಿದ್ದ ನೂರೆಂಬತ್ತು ವರ್ಷದ ಕೆತ್ತನೆ ಹಲಗೆ ಕಾಣೆಯಾಗಿತ್ತು. ಆ ಜಾಗದಲ್ಲಿ ಥೇಟ್ ಅಂಥದ್ದೇ ಇನ್ನೊಂದು ಕೂತಿತ್ತು. ಅದೇ ಪೈನ್ ಮರ, ಅವೇ ಎರಡು ಕೊಕ್ಕರೆ.

“ಬೀಗದ ಕೈ ಇರೋದು ಕಾವಲಿನ ತೊಮಿಕೊ ಹತ್ರ. ಬೇಲಿನೇ ಎದ್ದು ಹೊಲ ಮೇಯ್ದಿದೆ ಸಾರ್.”

“ಹಲಗೆ ಬದಲಾಗಿದೆ ಅಂತ ಮೊದಲು ಹೇಳಿದ್ದು ಯಾರು?” ಇನ್ಸ್‌ಪೆಕ್ಟರ್ ಅಮಾಗಾಯ ಕೇಳಿದ.

“ಆಕೆನೇ.”

“ಕದ್ದವಳು ತಾನಾಗೇ ಬಂದು ಹೇಳ್ತಾಳೇನ್ರೀ?”

“ನಂಗೊತ್ತಿಲ್ಲ. ಗುರುವಾರ ಮಧ್ಯಾಹ್ನದೊಳಗೆ ಹಲಗೆ ಸಿಗದಿದ್ರೆ ಆಕೆ ಜಾಗ ಖಾಲಿ ಮಾಡ್ಬೇಕು.”

ತೊಮಿಕೊಗೆ ಅರವತ್ತೊಂದು. ಹದಿನಾಲ್ಕು ವರ್ಷದಿಂದ ಆ ಮನೆಯ ಹಿಂದಿನ ಕೋಣೆಯಲ್ಲೇ ವಾಸ. ಬೀಗದ ಕೈ ಹೋದರೆ ತಲೆ ಮೇಲಿನ ಸೂರೂ ಹೋಯಿತು. ಅವಳೂ ಠಾಣೆಗೆ ಬಂದು ಹೇಳಿಕೆ ಕೊಟ್ಟಳು.

“ದಿನಾ ಒರೆಸ್ತೀನಿ ಸಾರ್. ನಿನ್ನೆ ಮಳೆ ಬಂತಲ್ಲ, ಹೊಸ ಮರದ ವಾಸನೆ ಹೊಡೀತು. ಹಳೇ ಮರ ಹಾಗೆ ನಾರಲ್ಲ. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ನನ್ನ ಬಾಯೇ ನಂಗೆ ಶತ್ರು!”

ಬುಧವಾರ ಬೆಳಿಗ್ಗೆ 10.15ಕ್ಕೆ ಇಬ್ಬರು ಪಂಚರ ಎದುರು ಹಲಗೆ ಇಳಿಸಿದರು. ಗೋಡೆಯ ಸಂದಿನೊಳಗೆ ಅಡಗಿದ್ದ ಅಂಚಿನಲ್ಲಿ ಕಾನ್ಸ್‌ಟೇಬಲ್ ಟೊಕಿಯ ಬೆರಳಿಗೆ ಏನೋ ತಗುಲಿತು. ಸುಟ್ಟು ಒತ್ತಿದ ಮುದ್ರೆ: ‘ರೇವಾ 6, ದುರಸ್ತಿ.’

ಕುಸಾಕ ಬಗ್ಗಿ ಮುದ್ರೆ ನೋಡಿದ. “ಇದು ನಮ್ಮ ನಿಯಮ ಸಾರ್. ಸಂರಕ್ಷಿತ ಮನೆಗೆ ಹೊಸ ಮರ ಹಾಕಿದ್ರೆ ಕಾಣದ ಕಡೆ ವರ್ಷದ ಮುದ್ರೆ ಒತ್ತಲೇಬೇಕು. ಹೊಸದನ್ನ ಹಳೇದು ಅಂತ ಯಾರೂ ನಂಬಬಾರದು ನೋಡಿ.”

“ನಂಬಿಸೋಕೆ ಬಂದ ಕಳ್ಳ ಮುದ್ರೆ ಯಾಕೆ ಒತ್ತಿದ?” ಅಮಾಗಾಯನಿಗೆ ನಗು ಬಂತು. “ಮುದ್ರೆ ಒತ್ತೋ ಕಬ್ಬಿಣ ಯಾರ ಹತ್ರ ಇದೆ?”

“ಒಂದೇ ಇರೋದು. ಕುರಾತ ಮೇಸ್ತ್ರಿ ಹತ್ರ.”

ಕುರಾತ ಸೆನ್ನೊಸುಕೆ, ಎಪ್ಪತ್ತನಾಲ್ಕು ವರ್ಷ, ಆ ಬೀದಿಯ ಮನೆಗಳನ್ನೆಲ್ಲ ದುರಸ್ತಿ ಮಾಡಿದ ಬಡಗಿ. ಕಳೆದ ತಿಂಗಳು ಬಾಗಿಲು ಸರಿಮಾಡಲು ಬಂದವನ ಕೈಗೆ ತೊಮಿಕೊ ಮೂರು ದಿನ ಬೀಗದ ಕೈ ಕೊಟ್ಟಿದ್ದಳು. ಅದೇ ಬುಧವಾರ ಮಧ್ಯಾಹ್ನ 2 ಗಂಟೆಗೆ ಪೊಲೀಸರು ಹೋದಾಗ ಮುದುಕ ಉಳಿ ಮಸೆಯುತ್ತಿದ್ದ.

“ಮೇಸ್ತ್ರಿ, ಮುದ್ರೆ ಕಬ್ಬಿಣ ಎಲ್ಲಿದೆ?”

“ಆ ಹಲಗೆ ವಿಷಯ ನಂಗೇನೂ ಗೊತ್ತಿಲ್ಲ.”

“ಹಲಗೆ ಮಾತು ನಾನು ಎತ್ತಲೇ ಇಲ್ಲವಲ್ಲ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ತಾತ!” ಎಂದ ಟೊಕಿ.

ಮುದುಕ ಮತ್ತೆ ಉಳಿ ಮಸೆಯತೊಡಗಿದ. ಅಮಾಗಾಯ ಅವನೆದುರು ಕುಕ್ಕರಗಾಲಲ್ಲಿ ಕೂತ. “ನಾಳೆ ಮಧ್ಯಾಹ್ನ ತೊಮಿಕೊನ ಆಚೆ ಹಾಕ್ತಾರೆ. ಕಳ್ಳಿ ಅಂತ.”

ಉಳಿ ನಿಂತಿತು. “ಅಯ್ಯೋ, ಅವಳನ್ನಾ? ನಂಗೆ ಟೀ ಕೊಟ್ಟ ಹೆಂಗಸು ಕಣಪ್ಪ ಅದು.” ಎದ್ದು ಹೋಗಿ ನೀಲಿ ಬಟ್ಟೆಯಲ್ಲಿ ಸುತ್ತಿದ್ದ ಹಳೆ ಹಲಗೆಯನ್ನು ತಂದಿಟ್ಟ. ಒಂದು ಗೀರೂ ಬಿದ್ದಿರಲಿಲ್ಲ.

“ಮಾರೋಕಾ?”

“ಥೂ! ಐವತ್ತು ವರ್ಷ ಬೇರೆಯವರ ಕೆಲಸಕ್ಕೆ ತೇಪೆ ಹಾಕಿದೆ. ನನ್ನದು ಅಂತ ಒಂದೂ ಇಲ್ಲ. ಈ ಕೈ ಪೂರ್ತಿ ನಡುಗೋ ಮುಂಚೆ ನನ್ನ ಕೊಕ್ಕರೆನೂ ಅಲ್ಲಿ ನಿಲ್ಲುತ್ತಾ ನೋಡ್ಬೇಕಿತ್ತು. ಇಪ್ಪತ್ಮೂರು ದಿನ ಜನ ಬಂದು ಫೋಟೊ ಹೊಡ್ಕೊಂಡ್ರು ಸಾರ್.”

“ಮತ್ತೆ ಮುದ್ರೆ ಯಾಕೆ ಒತ್ತಿದ್ರಿ?”

“ಒತ್ತದೆ ಹೇಗೆ ಹಾಕೋದು?” ಮುದುಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

2.35ಕ್ಕೆ ಬಂಧನ. ಮಾರನೇ ದಿನ ಬೆಳಿಗ್ಗೆ ಕುಸಾಕ ತೊಮಿಕೊ ಎದುರು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. “ಕ್ಷಮೆ ಗಿಮೆ ಬೇಡ, ಲಾಕಪ್‌ನಲ್ಲಿರೋ ಆ ಮುದುಕಪ್ಪನಿಗೆ ಬೆಚ್ಚಗಿನ ಹೊದಿಕೆ ಕೊಡ್ಸಿ,” ಎಂದಳು ಅವಳು.

ಠಾಣೆಯಲ್ಲಿ ಅಮಾಗಾಯ ಮುದುಕನಿಗೆ ಜಪ್ತಿ ಪಂಚನಾಮೆ ಓದಲು ಕೊಟ್ಟ. ಎರಡನೇ ವಸ್ತು: ಹಲಗೆ, ಹೊಸತು. ಕೆತ್ತಿದವರು: ಕುರಾತ ಸೆನ್ನೊಸುಕೆ. ಮುದುಕ ಆ ಸಾಲನ್ನು ಮೂರು ಸಲ ಓದಿದ. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದ.

“ಇದರದ್ದೊಂದು ಪ್ರತಿ ನಂಗೆ ಸಿಗುತ್ತಾ ಸಾರ್?”