ನೀಲಿ ಬೆರಳು

ಕುತ್ತಿಗೆಗೆ ಪಿಸ್ತೂಲಿನ ನಳಿಗೆ ತಾಕಿತು.

ನನ್ನ ಒಂದು ಕಾಲು ಬಾಲ್ಕನಿಯ ಒಳಗೆ, ಇನ್ನೊಂದು ಹೊರಗೆ. ಕೆಳಗೆ ಮೂರು ಮಹಡಿ... ಅದರ ಕೆಳಗೆ ಬಂಡೆ, ಸಮುದ್ರ.

"ಮೆಲ್ಲಗೆ ಒಳಗೆ ಬಾ ಮಗನೇ. ಹೂಕುಂಡ ಬೀಳಿಸ್ಬೇಡ," ಎಂದಳು ಮುದುಕಿ.

ನಾನು ತಾನೊ. ಇಟಲಿಯ ಪಲೆರ್ಮೊ ಊರಿನ ವಿಲ್ಲಾ ಸರಚೇನಾ ಹೋಟೆಲಿನ ಪತ್ತೇದಾರ. ಹಿಂದೆ ರಾಜರು ತಂಗುತ್ತಿದ್ದ ಹೋಟೆಲು. ಅವರೂ ಟವೆಲ್ ಕದಿಯುತ್ತಿದ್ದರಂತೆ.

ಮುದುಕಿಯ ಹೆಸರು ದೋನ್ನಾ ಕಲೋಜೆರಾ. ಬಂದು ಮೂರು ದಿನವಾಗಿತ್ತು. ತನ್ನ ಮುತ್ತಿನ ಸರ ಕಳುವಾಗಿದೆ ಎಂದು ಅಂದು ಬೆಳಗ್ಗೆ ದೂರು ಕೊಟ್ಟಿದ್ದಳು. ಅದೆಲ್ಲ ನಾಟಕ, ಸರ ಅವಳ ಕೋಣೆಯಲ್ಲೇ ಇದೆ, ಬಾಲ್ಕನಿಯಿಂದ ಹೋಗಿ ಹುಡುಕು ಎಂದು ನನ್ನನ್ನು ಅಟ್ಟಿದವನು ಮ್ಯಾನೇಜರ್ ಗಾಸ್ಪರೆ.

ಎಲ್ಲ ಒಪ್ಪಿಕೊಂಡೆ. ಪಿಸ್ತೂಲಿನ ಮುಂದೆ ನನಗೆ ನಿಯತ್ತು ಜಾಸ್ತಿ.

ಗಾಸ್ಪರೆಯ ಹೆಸರು ಕೇಳಿ ಅವಳು ನಕ್ಕಳು. ನಲವತ್ತು ವರ್ಷದ ಹಿಂದೆ ಇದೇ ಮಹಡಿಯಲ್ಲಿ ಕೋಣೆ ಗುಡಿಸುತ್ತಿದ್ದಳಂತೆ. ಆಗಲೂ ಒಬ್ಬ ಅತಿಥಿಯ ಸರ ಹೋಗಿತ್ತು. ಕದ್ದವನು ಸೂಟ್‌ಕೇಸ್ ಹೊರುತ್ತಿದ್ದ ಗಾಸ್ಪರೆ. ಕಳ್ಳಿ ಎನ್ನಿಸಿಕೊಂಡು ಬೀದಿಗೆ ಬಿದ್ದವಳು ಇವಳು. ಈಗ ಅವನಿಗೆ ಗುರುತೂ ಸಿಕ್ಕಿರಲಿಲ್ಲ. ಗುಡಿಸುವವಳ ಮುಖ ಅವನು ಯಾವತ್ತು ನೋಡಿದ್ದ?

"ಈ ಸಲದ್ದು ಗಾಜಿನ ಮುತ್ತು," ಎಂದಳು. "ಪೆಟ್ಟಿಗೆ ಒಳಗೆ ಬಟ್ಟೆಗೆ ಹಾಕೋ ನೀಲಿ ಬಣ್ಣದ ಪುಡಿ ಉದುರಿಸಿದ್ದೆ. ಬೆವರಿಗೆ ಅಂಟಿದ್ರೆ ಎರಡು ದಿನ ಬಿಡಲ್ಲ. ಹೋಗಿ ಎಲ್ಲರ ಬೆರಳು ನೋಡು."

ಎಲ್ಲರ ಬೆರಳು ನೋಡಬೇಕಾಗಿರಲಿಲ್ಲ. ಜುಲೈ ತಿಂಗಳ ಉರಿಬಿಸಿಲು... ಗಾಸ್ಪರೆ ಬೆಳಗ್ಗಿನಿಂದ ಕೈಗವಸು ತೊಟ್ಟಿದ್ದ.

ಊಟದ ತಾರಸಿಯಲ್ಲಿ ಸಿಕ್ಕ. ಗವಸು ಬಿಚ್ಚಿ ಸಾರ್, ಕೈ ಕುಲುಕಬೇಕು ಎಂದೆ.

ಓಡಿದ!

ಮೇಜುಗಳ ನಡುವೆ... ಅಡುಗೆಮನೆಯೊಳಗೆ... ನನ್ನತ್ತ ಒಂದು ತಟ್ಟೆ ಕತ್ತಿಮೀನು ಬೀಸಿದ. ಬಗ್ಗಿದೆ. ಮೀನು ಗೋಡೆಗೆ ಬಡಿಯಿತು. ಬಾಣಸಿಗನಿಗೆ ನ್ಯಾಯ ಅನ್ಯಾಯ ಗೊತ್ತಿರಲಿಲ್ಲ, ಹಾಳಾದದ್ದು ತನ್ನ ಮೀನು ಎಂಬುದು ಗೊತ್ತಿತ್ತು. ಕಾಲು ಅಡ್ಡ ಚಾಚಿದ.

ಗಾಸ್ಪರೆ ಬದನೆಕಾಯಿ ಬುಟ್ಟಿಯ ಮೇಲೆ ಮಗುಚಿಬಿದ್ದ. ಗವಸು ಎಳೆದೆ. ಹತ್ತೂ ಬೆರಳು ನೀಲಿ. ಸರ ಕೋಟಿನ ಒಳಜೇಬಿನಲ್ಲಿತ್ತು.

ದೋನ್ನಾ ಅವನನ್ನು ಮೇಲೆ ತನ್ನ ಕೋಣೆಗೆ ಕರೆಸಿದಳು. ಹಳೆಯ ಕಳ್ಳತನವೂ ತನ್ನದೇ ಎಂದು ಕೆಲಸದವರೆಲ್ಲರ ಮುಂದೆ ಅವನ ಬಾಯಿಂದಲೇ ಹೇಳಿಸಿದಳು. ಆಮೇಲೆ ತನ್ನ ಮಂಚದ ಹೊದಿಕೆ ಎಳೆದು ನೆಲಕ್ಕೆ ಹಾಕಿದಳು.

"ಪೊಲೀಸ್ ಬರೋವರೆಗೂ ಸುಮ್ನೆ ಯಾಕೆ ನಿಂತಿರ್ತೀಯ? ಹಾಸಿಗೆ ಹಾಸು."

ಹಾಸಿದ. ಅವಳು ಮೂಲೆ ನೋಡಿದಳು, ಹೊದಿಕೆ ಕಿತ್ತೆಸೆದಳು.

"ಸುಕ್ಕಿದೆ. ಇನ್ನೊಂದ್ಸಲ."

ಪೊಲೀಸರು ಬಂದ ಸುದ್ದಿ ಬಂತು. ಕೆಳಗೇ ಕೂರಿಸಿ, ಕಾಫಿ ಕೊಡಿ, ನಿಧಾನಕ್ಕೆ ಕುಡಿಯಲಿ ಎಂದು ಹೇಳಿ ಕಳಿಸಿದೆ.

ಗಾಸ್ಪರೆ ಐದನೆಯ ಸಲ ಹಾಸುತ್ತಿದ್ದ. ನನ್ನ ಕಣ್ಣಿಗೂ ಇನ್ನೂ ಸುಕ್ಕು ಕಾಣುತ್ತಿತ್ತು.