ಎರಡು ಸಾಲು ಹಲ್ಲಿನ ಗುರುತು

ಟೋಪಿಯ ಮುಂಚಾಚು ಹಣೆಯ ಭಾಗವನ್ನು ಕೂಡುವ ಹೊಲಿಗೆಯ ಉದ್ದಕ್ಕೂ ಹಲ್ಲಿನ ಗುರುತುಗಳು ಎರಡು ಸಾಲಾಗಿ ಮೂಡಿದ್ದವು. ಇರಬೇಕಾದದ್ದು ಒಂದೇ ಸಾಲು.

ಅವಳು ಟೋಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಸೂತಿ ಯಂತ್ರಕ್ಕೆ ಏರುವ ಮೊದಲು ಪ್ರತಿಯೊಂದು ಟೋಪಿಯನ್ನೂ ದುಂಡನೆಯ ಫ್ರೇಮಿಗೆ ತೊಡಿಸುವುದು ಅವಳ ಕೆಲಸ. ಒಳಗಿನ ಬೆವರುಪಟ್ಟಿಯನ್ನು ಹೊರಕ್ಕೆ ಮಗುಚಬೇಕು. ಹಣೆಯ ಹಿಂದೆ, ಹೊಲಿಗೆ ಸುಕ್ಕಾಗದಂತೆ ತಡೆಯುವ ಬ್ಯಾಕಿಂಗ್ ತುಂಡನ್ನು ತೂರಿಸಬೇಕು. ನಡುಹೊಲಿಗೆಯನ್ನು ಫ್ರೇಮಿನ ಕೆಂಪು ಗೆರೆಗೆ ಸರಿಯಾಗಿ ಕೂಡಿಸಿ, ಸಣ್ಣ ಹಲ್ಲುಗಳಿರುವ ಉಕ್ಕಿನ ಪಟ್ಟಿಯನ್ನು ಮೇಲೆಳೆದು ಕೊಂಡಿ ಬಿಗಿಯಬೇಕು. ಒಮ್ಮೆ ಬಿಗಿದರೆ ಒಂದು ಸಾಲು ಗುರುತು. ಎರಡು ಸಾಲು ಬಿದ್ದಿದೆಯೆಂದರೆ ಯಾರೋ ಕೊಂಡಿ ಬಿಚ್ಚಿ, ಮತ್ತೊಮ್ಮೆ ಬಿಗಿದಿದ್ದಾರೆ ಎಂದೇ ಅರ್ಥ.

ಇನ್ನೊಂದು ಟೋಪಿ ತೆಗೆದಳು. ಅದರಲ್ಲೂ ಎರಡು. ಪೆಟ್ಟಿಗೆಯನ್ನೇ ಮೇಜಿನ ಮೇಲೆ ಸುರಿದಳು.

ಕಸೂತಿ ಮುಗಿದ ಮೇಲೆ ಹಬೆ ಹಿಡಿದು ಆ ಗುರುತುಗಳನ್ನು ಅಳಿಸುವುದು ದಾರ ಕತ್ತರಿಸುವ ಹಿರಿಯಾಕೆಯ ಪಾಲಿನ ಕೆಲಸ. ಎಲ್ಲರೂ ಆಕೆಯನ್ನು ಕತ್ತರಿ ಅತ್ತೆ ಎನ್ನುತ್ತಿದ್ದರು. ಆ ದಿನ ಅತ್ತೆಗೆ ಸೊಂಟ ಹಿಡಿದು, ಹಬೆಯ ಕೆಲಸ ಇವಳಿಗೆ ಬಂದಿತ್ತು.

"ಅತ್ತೆ, ಇದೇನಿದು?"

"ಯಾವುದು?"

"ಕೂದಲೆಳೆಯಷ್ಟು ದಾರ ಉಳಿದ್ರೂ ನಿಮ್ಮ ಕಣ್ಣಿಗೆ ಬೀಳತ್ತೆ. ಇದು ಮಾತ್ರ ಕಾಣಲ್ವಾ?"

ಅತ್ತೆ ಕನ್ನಡಕ ಒರೆಸಿಕೊಂಡಳು. "ಬಿಡೇ ತಾಯಿ. ಹೇಳ್ಬೇಡಿ ಅಂತ ಕೈ ಮುಗಿದಿದ್ದ."

"ಯಾರು?"

"ಇನ್ಯಾರು? ನಿನ್ನ ನೋಡ್ತಾ ನೋಡ್ತಾ ಕೆಂಪು ದಾರದ ಜಾಗಕ್ಕೆ ಹಸಿರು ಪೋಣಿಸ್ತಾನಲ್ಲ, ಅವನು."

ಯಂತ್ರ ನಡೆಸುವ ಆಪರೇಟರ್. ಗೆರೆ ಕೂದಲಷ್ಟು ಸರಿದರೂ ರೇಗುವ ಇವಳಿಗೆ "ಟೀಚರಮ್ಮ" ಎಂದು ಹೆಸರಿಟ್ಟವನು. ಹಿಂದಿನ ದಿನವಷ್ಟೇ ನಲ್ಲಿಯ ಬಳಿ ನೀರು ತುಂಬಿಕೊಳ್ಳುತ್ತ, ಬಾಟಲಿ ತುಂಬಿ ಹರಿಯುತ್ತಿರುವುದನ್ನೂ ಕಾಣದೆ ಅವನು ಕೇಳಿದ್ದ: "ನಮ್ಮಮ್ಮ ನಿಮ್ಮ ಮನೆಗೆ ಬಂದು ಮಾತಾಡಬಹುದಾ?" ಅವಳು ನಲ್ಲಿ ತಿರುಗಿಸಿ ನಿಲ್ಲಿಸಿ, "ನಾಳೆ ಹೇಳ್ತೀನಿ" ಎಂದಿದ್ದಳು. ಹೇಳಬೇಕಾದ "ಹೂಂ" ಬೆಳಗಿನಿಂದಲೂ ನಾಲಿಗೆಯ ತುದಿಯಲ್ಲೇ ಕುಳಿತಿತ್ತು.

ಅದೀಗ ಕಹಿಯಾಯಿತು.

ಅವಳು ಟೋಪಿಯನ್ನು ಹಿಡಿದು ಯಂತ್ರದ ಕಡೆಗೆ ನಡೆದಳು. ಅವನು ಎಂದಿನಂತೆ ಮೊದಲು ಅವಳ ಹೆಜ್ಜೆಯನ್ನು, ಆಮೇಲೆ ಮುಖವನ್ನು ನೋಡಿದ. ತುಟಿಗೆ ಬರುತ್ತಿದ್ದ ನಗು ಟೋಪಿಯನ್ನು ಕಂಡೊಡನೆ ನಿಂತಿತು. ಯಂತ್ರವನ್ನೂ ನಿಲ್ಲಿಸಿದ.

"ಇದನ್ನ ಬಿಚ್ಚಿ ಬಿಗಿದೋರು ಯಾರು?"

"ನಾನೇ."

"ಯಾಕೆ?"

"ಸಡಿಲ ಇತ್ತು. ಹಾಗೇ ಏರಿಸಿದ್ರೆ ಸೂಜಿ ಹೊಡೆತಕ್ಕೆ ಜಾರಿ, ಅಕ್ಷರ ಸೊಟ್ಟಗಾಗತ್ತೆ."

"ಅದು ನಂಗೂ ಗೊತ್ತು. ನನಗ್ಯಾಕೆ ಹೇಳ್ಲಿಲ್ಲ?"

ಅವನು ಅವಳ ಬಲಗೈ ನೋಡಿದ. ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡಿದ್ದ ಮಣಿಕಟ್ಟು; ಪ್ಲಾಸ್ಟರ್ ಬಿಚ್ಚಿದೊಡನೆ ಅವಳು ಕೆಲಸಕ್ಕೆ ಮರಳಿದ್ದಳು. "ಕೈಗೆ ಇನ್ನೂ ಬಲ ಬಂದಿರ್ಲಿಲ್ಲ. ಹೇಳಿದ್ರೆ ನೊಂದ್ಕೋತೀರ ಅಂತ..."

ನೊಂದ್ಕೋತೀರ ಅಂತ. ಈ ಮಾತು ಅವಳಿಗೆ ಹೊಸದಲ್ಲ. ಹಿಂದೆ ಗೊತ್ತಾಗಿದ್ದ ಮದುವೆಯೊಂದು ಮುರಿದುಬಿದ್ದಾಗ ಮನೆಯವರೆಲ್ಲ ಸೇರಿ, ಹುಡುಗ ಊರಲ್ಲಿಲ್ಲ, ಇನ್ನೇನು ಬರುತ್ತಾನೆ ಎನ್ನುತ್ತಲೇ ಬಂದಿದ್ದರು. ಅವಳು ಮದುವೆಯ ಬಟ್ಟೆಗೆ ಕೈಯಾರೆ ಹೂ ಹೊಲಿಯುತ್ತ ಕುಳಿತಿದ್ದಳು. ಆ ಹುಡುಗನ ಮದುವೆಯಲ್ಲಿ ಉಂಡು ಬಂದ ಒಬ್ಬರು ನಡುಬೀದಿಯಲ್ಲಿ ಸುದ್ದಿ ಹೇಳಿದ ದಿನ, ಅವಳಿಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ನೋವು ತಪ್ಪಿಸುತ್ತೇವೆಂದು ಇನ್ನೊಬ್ಬರ ಕಣ್ಣಿಗೆ ಬಟ್ಟೆ ಕಟ್ಟುವವರು, ನಿಜವಾಗಿ ತಪ್ಪಿಸಿಕೊಳ್ಳುವುದು ತಮ್ಮ ಮುಜುಗರವನ್ನು ಮಾತ್ರ. ಅದಕ್ಕೆ ಕರುಣೆಯೆಂಬ ಹೆಸರು ಕೊಡುವುದು ಆ ಮಾತಿಗೇ ಬಗೆಯುವ ಅಪಚಾರ.

"ನೊಂದ್ಕೊಳ್ಳೋದು ನನ್ನ ಹಕ್ಕು ಕಣೋ! ಅದನ್ನ ಕಿತ್ಕೊಳ್ಳೋಕೆ ನೀನ್ಯಾರು? ಬೆಳಗ್ಗೆ ಯಜಮಾನ್ರು ಎಲ್ಲರ ಮುಂದೆ ಏನಂದ್ರು? ಕೈ ಮುರಿದು ಬಂದ್ರೂ ಇವಳ ಒಂದು ಕ್ಯಾಪೂ ಕೆಟ್ಟಿಲ್ಲ, ನಾಳೆಯಿಂದ ಹೊಸಬರಿಗೆ ಇವಳೇ ಕಲಿಸ್ತಾಳೆ ಅಂದ್ರು. ನೀನೂ ಚಪ್ಪಾಳೆ ತಟ್ಟಿದೆ. ನಾಚಿಕೆ ಆಗ್ಲಿಲ್ವಾ? ನಾನವರಿಗೆ ಏನು ಕಲಿಸ್ಬೇಕಿತ್ತು, ಸಡಿಲ ಬಿಗಿಯೋದನ್ನಾ?"

"ಅಲ್ಲೋ, ದಿನಾ ಕ್ಯಾಪ್ ತೊಡಿಸೋಳಿಗೇ ಟೋಪಿ ಹಾಕಿಬಿಟ್ಟೆಯಲ್ಲೋ!" ಹಿಂದಿನಿಂದ ಕತ್ತರಿ ಅತ್ತೆಯ ಮಾತು ಬಂತು. ಯಾರೋ ಕಿಸಕ್ಕೆಂದರು. ಅವಳು ತಿರುಗಿ ನೋಡಿದ ನೋಟಕ್ಕೆ ಆ ನಗು ಗಂಟಲಲ್ಲೇ ಸತ್ತಿತು.

ಅವನು ಮೆಲ್ಲಗೆ, "ಕೋಪದಲ್ಲಾದ್ರೂ ನನ್ನ 'ನೀನು' ಅಂದ್ರಲ್ಲ" ಎಂದ.

"ತಮಾಷೆ ಮಾಡ್ಬೇಡ."

ಅವನು ತಲೆ ತಗ್ಗಿಸಿದ. ಆ ತಗ್ಗಿದ ರೆಪ್ಪೆಗಳನ್ನು ಕಂಡು ಎದೆಯ ಮೂಲೆಯೊಂದು ಕರಗಲು ಹವಣಿಸಿತು. ಅವಳು ಅದನ್ನೂ ಗದರಿಸಿ, ನೇರವಾಗಿ ಯಜಮಾನರ ಕೋಣೆಗೆ ಹೋದಳು.

ಯಜಮಾನರು ಎಲ್ಲವನ್ನೂ ಕೇಳಿ ಹಣೆ ಉಜ್ಜಿಕೊಂಡರು. "ಕ್ಯಾಪ್ ಚೆನ್ನಾಗಿದೆ ತಾನೇ? ಸುಮ್ನೆ ಯಾಕಮ್ಮ ರಂಪ?"

"ಚೆನ್ನಾಗಿರೋದು ಕ್ಯಾಪು, ಸಾರ್. ನನ್ನ ಕೆಲಸ ಅಲ್ಲ. ನೀವು ಹೊಗಳಿದ್ದು ನನ್ನನ್ನ."

ಅಷ್ಟರಲ್ಲಿ ಅವನೂ ಬಾಗಿಲಿಗೆ ಬಂದಿದ್ದ. "ತಪ್ಪು ನಂದು, ಸಾರ್. ಅವರದ್ದೇನೂ..."

"ನನ್ನ ಪರವಾಗಿ ಮಾತಾಡ್ಬೇಡ!" ಅವಳು ಸಿಡಿದಳು. "ನಿಂಗಿರೋ ರೋಗವೇ ಅದು. ನನ್ನ ಕೈ ಸಡಿಲ. ಅದನ್ನ ನಾನೇ ಹೇಳ್ತೀನಿ. ಸಾರ್, ನನ್ನ ಕ್ಯಾಪು ಒಂದಾದ್ರೂ ಸಡಿಲ ಇದ್ರೆ ನನಗೇ ವಾಪಸ್ ಬರ್ಬೇಕು, ಎಲ್ಲರ ಎದುರಿಗೆ. ಕಲಿಸೋ ಮಾತು ಆಮೇಲೆ."

ಯಜಮಾನರು ಆಗಲೆಂದರು. ಅದು ಒಪ್ಪಿಗೆಗಿಂತ ಹೆಚ್ಚಾಗಿ ತಲೆನೋವಿನಿಂದ ಬಿಡುಗಡೆಯ ಮಾತಾಗಿತ್ತು.

ಹೊರಗೆ ಅವನು ಹಿಂದೆಯೇ ಬಂದ. "ಟೀಚರಮ್ಮ..."

"ನಿಮ್ಮಮ್ಮ ಬರೋದು ಬೇಡ."

"ಕೋಪ ಇಳಿದ ಮೇಲೆ..."

"ಇದು ಇಳಿಯೋ ಕೋಪ ಅಲ್ಲ. ನನ್ನ ಸೋಲನ್ನ ನನ್ನಿಂದಲೇ ಬಚ್ಚಿಡೋ ಮನುಷ್ಯನ ಜೊತೆ ನಾನು ಹೇಗೆ ಬಾಳೋದು? ಅವನು ನಕ್ಕಾಗಲೆಲ್ಲ, ಏನು ಮುಚ್ಚಿಟ್ಟು ನಗ್ತಿದ್ದಾನೆ ಅಂತ ಹುಡುಕ್ತಾ ಕೂರ್ಲಾ?"

ಅವಳು ಉತ್ತರಕ್ಕಾಗಿ ನಿಲ್ಲಲಿಲ್ಲ.

ಮರುದಿನ ಅವಳು ಎಡಗೈಯ ನೆರವನ್ನೂ ಪಡೆದು ಕೊಂಡಿ ಬಿಗಿದಳು. ಮಣಿಕಟ್ಟು ಚುಳ್ಳೆಂದರೂ ಹಲ್ಲು ಕಚ್ಚಿದಳು. ಅವನು ಪ್ರತಿ ಫ್ರೇಮಿನ ಮೇಲೂ ಹೆಬ್ಬೆರಳೊತ್ತಿ ನೋಡಿ ಯಂತ್ರಕ್ಕೇರಿಸುತ್ತಿದ್ದ. ಕೆಲಸ ನಡೆಯಿತು, ಕಣ್ಣುಗಳು ಮಾತ್ರ ಕೂಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಂತ್ರ ನಿಂತಿತು.

ಅವನು ಒಂದು ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ನಡುವೆ ನಡೆದು ಬಂದ. ಮುಖ ಬಿಳಿಚಿತ್ತು. ಅವಳ ಮೇಜಿನ ಎದುರು ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಇದು ಸಡಿಲ. ಬಿಚ್ಚಿ ಮತ್ತೆ ಹಾಕಿ."

ಕತ್ತರಿಗಳು ಸುಮ್ಮನಾದವು. ಅವಳ ಕಿವಿಯವರೆಗೆ ರಕ್ತ ನುಗ್ಗಿತು. ಫ್ರೇಮನ್ನು ಕಸಿದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಟೋಪಿಯ ಹಣೆ ನಿಜವಾಗಿಯೂ ತುಸು ಜಾರಿತು. ಬಿಚ್ಚಿದಳು, ಗೆರೆ ಕೂಡಿಸಿದಳು, ಮೊಣಕೈಯ ಭಾರ ಹಾಕಿ ಬಿಗಿದಳು. ಅವನು ಒತ್ತಿ ನೋಡಿದ.

"ಇನ್ನೂ ಸಾಲದು."

"ಅಯ್ಯೋ ಪಾಪಿ!" ಅತ್ತೆ ಎದೆ ಮುಟ್ಟಿಕೊಂಡಳು.

ಅವಳು ಮತ್ತೆ ಬಿಚ್ಚಿದಳು. ಮೈ ಉರಿಯುತ್ತಿತ್ತು; ಆದರೆ ಈ ಉರಿಯಲ್ಲಿ ಅವಮಾನದ ಹೊಗೆ ಇರಲಿಲ್ಲ. ಎದುರಿಗಿದ್ದವನು ಅವಳನ್ನು ಹತ್ತಿಯಲ್ಲಿ ಸುತ್ತಿಡಬೇಕಾದ ಗಾಜೆಂದು ಬಗೆಯದೆ, ಸರಿಸಮಳೆಂದು ಬಗೆದು ನಿಂತಿದ್ದ. ಈ ಸಲ ಕೊಂಡಿ ಟಕ್ಕೆಂದು ಕೂತಿತು.

ಅವನು ಒತ್ತಿದ. ಎರಡು ಕಡೆ ಎಳೆದ. "ಈಗ ಸರಿ" ಎಂದ, ಆದರೂ ಫ್ರೇಮನ್ನು ಹಿಡಿದು ಅಲ್ಲೇ ನಿಂತಿದ್ದ.

"ಮತ್ತೇನು?"

"ಹೇಳೋಕೆ ಪ್ರಾಣ ಬಾಯಿಗೆ ಬಂತು. ಕೋಪ ಬಂತಾ?"

"ಬಾರದೆ ಇರತ್ತಾ? ಆ ಫ್ರೇಮನ್ನೇ ಎತ್ತಿ ನಿನ್ನ ತಲೆ ಮೇಲೆ ಹಾಕ್ಬೇಕು ಅನ್ನಿಸ್ತು." ಅವಳು ಆ ದಿನ ಮೊದಲ ಬಾರಿಗೆ ಅವನ ಕಣ್ಣನ್ನು ನೇರವಾಗಿ ನೋಡಿದಳು. "ಮದುವೆ ಆದ್ಮೇಲೂ ಹೀಗೇ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಾ?"

ಫ್ರೇಮು ಅವನ ಕೈಯಿಂದ ಜಾರಿತು. ಮೊಣಕಾಲು ಕೊಟ್ಟು ಹಿಡಿದುಕೊಂಡ.

"ಹೇಳ್ತೀನಿ."

"ಅಡುಗೆ ಕೆಟ್ಟರೆ?"

"ಅಡುಗೆ ನಾನೇ ಮಾಡೋದು. ನೀವು ಹೇಳಿ."

"ಹೇಳ್ದೆ ಬಿಡ್ತೀನಾ? ನಿಮ್ಮಮ್ಮಂಗೆ ಬರೋಕೆ ಹೇಳು. ನಿನ್ನೆ ನಡೆದದ್ದನ್ನೂ ಹೇಳು, ಒಂದಕ್ಷರ ಬಿಡದ ಹಾಗೆ."

"ಆಗ್ಲೇ ಹೇಳಿದೀನಿ."

"ಏನಂದ್ರು?"

ಅವನು ಕಿವಿ ಕೆರೆದುಕೊಂಡ. "'ಇನ್ನೆರಡು ಬೈಬೇಕಿತ್ತು, ಪಾಪ, ಒಳ್ಳೇ ಹುಡುಗಿ' ಅಂದ್ಲು."

ಅವಳು ಬಾಯ್ತುಂಬ ನಕ್ಕಳು. ಆಮೇಲೆ ಮುಂದಿನ ಟೋಪಿಯನ್ನು ಎತ್ತಿ, ಬೆವರುಪಟ್ಟಿಯನ್ನು ಹೊರಕ್ಕೆ ಮಗುಚಿದಳು. "ಆ ಎರಡನ್ನೂ ಅವರ ಎದುರಿಗೇ ಬೈತೀನಿ. ಈಗ ಹೋಗು, ಮಷೀನು ಖಾಲಿ ನಿಂತಿದೆ."