ಹಳ್ಳದ ಕಡೆಯ ಪಾಲು

ರೇವವ್ವ ಹೊಲಕ್ಕೆ ಬುತ್ತಿ ತಂದವಳೇ ಹೊರತು ಕೈಗೆ ಮಣ್ಣು ಹತ್ತಿಸಿಕೊಂಡವಳಲ್ಲ. ತಮ್ಮ ತೀರಿಕೊಂಡ ಮೇಲೆ ಆ ಎರಿ ಹೊಲವನ್ನು ಹರಗಿ, ಬಿತ್ತಿ, ರಾಶಿ ಮಾಡಿದವನು ಕಾಶಿನಾಥ. ಈಗ ತಮ್ಮನ ಹೆಂಡತಿ ರೇವವ್ವ ಪಾಲು ಕೇಳಿದ್ದಳು, ಯರಗುಪ್ಪಿಯ ಹಿರಿಯರು ಸಮಪಾಲು ಮಾಡೆಂದಿದ್ದರು. ಸಮ ಎಂಬ ಮಾತು ಅವನ ಗಂಟಲಲ್ಲಿ ಜೋಳದ ಸುಂಕಿನಂತೆ ಸಿಕ್ಕಿಕೊಂಡಿತ್ತು.

ಮನೆತನದ ಕಟ್ಟು ಹಳೆಯದು. ಹಿರಿಯವನು ಹೊಲ ಸೀಳಬೇಕು, ಕಿರಿಯರು ಮೊದಲು ಆರಿಸಬೇಕು, ಆಮೇಲೆ ಇಬ್ಬರೂ ಬಸವಣ್ಣನ ಗುಡಿಯಲ್ಲಿ ವಿಭೂತಿ ಮುಟ್ಟಬೇಕು. ಮುಟ್ಟಿದ ಪಾಲನ್ನು ಮತ್ತೆ ಮುರಿಯುವಂತಿಲ್ಲ. ಸೀಳುವವನು ಮೋಸ ಮಾಡದಿರಲೆಂದು ಹಿಂದಿನವರು ಹಾಕಿದ ಬೇಲಿ ಅದು. ಆ ಬೇಲಿಯಲ್ಲೊಂದು ಕಂಡಿ ಇರುವುದು ಕಾಶಿನಾಥನಿಗೆ ಒಂದು ಮುಂಜಾನೆ, ಅಂಗೈಯ ಲಿಂಗವನ್ನು ನೋಡುತ್ತ ಕೂತಾಗಲೇ ಹೊಳೆಯಿತು.

ಹೊಲ ಒಟ್ಟು ಎರಡೆಕರೆ ಮೂವತ್ತು ಗುಂಟೆ; ಎಕರೆಗೆ ನಲವತ್ತು ಗುಂಟೆ. ಹಳ್ಳ ಕುಡುಗೋಲಿನಂತೆ ಬಾಗಿದ್ದರಿಂದ ಯಾವ ಕಡೆ ಎಷ್ಟೆಂದು ಕಣ್ಣು ಹೇಳಲಾರದು. ಟ್ರ್ಯಾಕ್ಟರಿನ ಯುನೂಸ್ ಹೊಲ ಅಳೆಯುವ ಆ್ಯಪ್ ಒಂದನ್ನು ಇವನ ಫೋನಿಗೂ ಹಾಕಿಕೊಟ್ಟಿದ್ದ. ಕಾಶಿನಾಥ ಗೂಟ ನೆಟ್ಟು, ಫೋನ್ ಹಿಡಿದು ಒಬ್ಬನೇ ಸುತ್ತಿದ. ರಸ್ತೆಯ ಕಡೆ 1.5 ಬಂತು, ಹಳ್ಳದ ಕಡೆ 1.25. ಹುಟ್ಟಿದಾಗಿನಿಂದ ಹೊಲದ ಪಹಣಿ-ಉತಾರ ಓದಿದವನು ಅವನು: ಮೊದಲು ಎಕರೆ, ಚುಕ್ಕಿ, ಆಮೇಲೆ ಗುಂಟೆ. ರಸ್ತೆಯ ಕಡೆ ಒಂದೆಕರೆ ಐದು ಗುಂಟೆ, ಹಳ್ಳದ ಕಡೆ ಒಂದೆಕರೆ ಇಪ್ಪತ್ತೈದು. ಕೂಡಿಸಿ ನೋಡಿದ, ಎರಡೆಕರೆ ಮೂವತ್ತು. ಒಂದು ಗುಂಟೆಯೂ ಅತ್ತಿತ್ತ ಇಲ್ಲ. ಕಣ್ಣಿಗೇನೋ ರಸ್ತೆ ಕಡೆಯದೇ ದೊಡ್ಡದು ಕಂಡಿತು. ಒಳ್ಳೆಯದೇ ಆಯಿತು, ಅವಳ ಕಣ್ಣಿಗೂ ಹಾಗೇ ಕಾಣಲಿ ಅಂದುಕೊಂಡ.

ಇನ್ನು ಅವಳು ಹಳ್ಳದ ಕಡೆ ಕೈ ಮಾಡದಂತೆ ನೋಡಿಕೊಳ್ಳುವುದಷ್ಟೇ ಉಳಿಯಿತು. ಚಕ್ಕಡಿಯಲ್ಲಿ ತಿಪ್ಪೆಗೊಬ್ಬರದ ಕೆಳಗೆ ಉಪ್ಪಿನ ಚೀಲ ಹೇರಿದ. ಹಳ್ಳದ ನೀರಲ್ಲಿ ಕರಗಿಸಿ, ಹಗಲಲ್ಲೇ, ಬೆಳೆಗೆ ನೀರು ಬಿಡುವವನಂತೆ ನೆಮ್ಮದಿಯಿಂದ ಸುರುವಿದ. ಬಿಸಿಲಿಗೆ ನೀರು ಆರಿ ಕರಿ ಮಣ್ಣಿನ ಮೇಲೆ ಬಿಳಿ ಪದರು ಕೂತಿತು. ಒಂದು ದೊಡ್ಡ ಮಳೆಗೆ ತೊಳೆದುಹೋಗುತ್ತದೆ ಎಂಬುದು ಅವನ ಎಣಿಕೆ.

ಆರಿಸುವ ದಿನ ರೇವವ್ವ ಬಗ್ಗಿ ಆ ಬಿಳಿಯನ್ನು ಮುಟ್ಟಿ ನೋಡಿದಳು.

"ಸವಳು ಆಗೇತೇನ್ರಿ ಭಾವಾರ?"

"ಹಳ್ಳದ ಬಾಜು ಅಲ್ಲೇನವಾ. ಅದು ನನಗಿರ್ಲಿ. ನೀ ಒಳ್ಳೇದು ತಗೋ."

ಅವಳ ಕಣ್ಣಲ್ಲಿ ನೀರು ಬಂತು, ಸೆರಗು ಹೊದ್ದು ಕಾಲು ಮುಟ್ಟಿದಳು. ಹಿರಿಯರು ಇಂಥ ಭಾವ ಯಾರಿಗುಂಟೆಂದು ಹೊಗಳಿದರು. ಗುಡಿಯಲ್ಲಿ ಕಾಶಿನಾಥ ಎಲ್ಲರಿಗಿಂತ ಗಟ್ಟಿಯಾಗಿ ಆಣೆ ಮಾಡಿದ: ಸಮ ಸೀಳೀನಿ, ಇದನ್ನ ಮುರಿದವರ ಮನಿ ದೀಪ ಆರಲಿ. ನಾಳೆ ಅವಳಿಗೆ ತಿಳಿದರೂ ತಿರುಗಿ ಬರಬಾರದೆಂದು ಆ ಮಾತನ್ನು ತಾನೇ ಸೇರಿಸಿದ್ದ. ಗೂಟದ ಗುರುತಿನಂತೆ ಪಾಲು ಕಾಗದಕ್ಕೂ ಹತ್ತಿತು.

ಮುಂಗಾರು ಬಂತು. ಎರಿ ಮಣ್ಣು ನೀರು ಕುಡಿಯಿತೇ ಹೊರತು ಹರಿಯಗೊಡಲಿಲ್ಲ. ನೀರಿನ ಸಂಗಡ ಉಪ್ಪೂ ಒಳಗಿಳಿಯಿತು. ಅವನ ಹೆಸರಿನ ಬೆಳೆ ಹುಟ್ಟುತ್ತಲೇ ಹಳದಿಯಾಯಿತು. ಒಂದೆರಡು ವರ್ಷ ಹೋದರೆ ಹೋಗಲಿ, ಇಪ್ಪತ್ತು ಗುಂಟೆ ಹೆಚ್ಚಿಗೆ ಬಂದಿದೆಯಲ್ಲ ಎಂದು ದಿನಾಲೂ ಶಿವನ ಮುಂದೆ ತನ್ನನ್ನು ತಾನೇ ಸಂತೈಸಿಕೊಂಡ.

ಹಿಂಗಾರಿಗೆ ಹರಗಲು ಬಂದ ಯುನೂಸ್ ಎರಡೂ ಹೊಲ ಸುತ್ತಿ ಬಂದು, ಅವ್ವಾರದು ಒಂದೂವರಿ ಎಕರೆ, ನಿಮ್ಮದು ಒಂದೂಕಾಲು ಎಂದ. ಕಾಶಿನಾಥ ನಕ್ಕು, ಉಲ್ಟಾ ಹೇಳಿದಿ ತಮ್ಮಾ, ಆಕಿದು ಒಂದೆಕರೆ ಐದು ಗುಂಟಿ ಎಂದು ತಿದ್ದಿದ. ಯುನೂಸ್ ಫೋನನ್ನು ಅವನ ಮುಂದೆ ಹಿಡಿದ. 1.5. "ಇದಕ್ಕ ಗುಂಟಿ ಎಲ್ಲಿ ಗೊತ್ತೈತ್ರಿ ಕಾಕಾ? ಎಕರೇನ ಹತ್ತು ಹೋಳು ಮಾಡತೈತಿ, ಹೋಳಿನ್ಯಾಗ ಮತ್ತ ಹತ್ತು. ಚುಕ್ಕಿ ಮುಂದ ಐದಂದ್ರ ಅರ್ಧಾ ಎಕರೆ. ಇಪ್ಪತ್ತೈದಂದ್ರ ಬರೇ ಕಾಲು." ಕಾಶಿನಾಥ ಬಿಳಿಚಿದ ತನ್ನ ಹೊಲದ ಕಡೆ ನೋಡುತ್ತ ಮನಸ್ಸಿನಲ್ಲೇ ಕೂಡಿಸಿದ. ಎಕರೆಯ ಮೇಲೆ ಆಕೆಗೆ ಇಪ್ಪತ್ತು ಗುಂಟೆ, ತನಗೆ ಹತ್ತು. ಮೂವತ್ತು. ಲೆಕ್ಕ ಈಗಲೂ ಸರಿಯಾಗಿಯೇ ಕೂಡಿತು.